ಪರೀಕ್ಷೆ ಕಟ್ಟುವ ಮೊದಲು ಅಡ್ವೈಸರ್ ಬಾಗಿಲು ತಟ್ಟಿ

ಅಮೆರಿಕದ ಕಾಲೇಜಿನಲ್ಲಿ ಮನಃಶಾಸ್ತ್ರದ ಮೊದಲ ಕೋರ್ಸ್ ಮುಗಿಸಬೇಕೆಂದರೆ ಸುಮಾರು 15 ವಾರ ತರಗತಿಗೆ ಹೋಗಬೇಕು, ದುಬಾರಿ ಪಠ್ಯಪುಸ್ತಕ ಕೊಳ್ಳಬೇಕು, ನಡುನಡುವೆ ಟೆಸ್ಟು, ಅಸೈನ್‌ಮೆಂಟು ಬರೆಯಬೇಕು. ಕೊನೆಗೆ ಸಿಗುವುದು 3 ಕ್ರೆಡಿಟ್. ಆ 3 ಕ್ರೆಡಿಟ್ಟನ್ನು ಕಂಪ್ಯೂಟರ್ ಮುಂದೆ ಕೂತು 90 ನಿಮಿಷದ ಒಂದು ಪರೀಕ್ಷೆ ಬರೆದು ಪಡೆಯುವ ದಾರಿಯೂ ಅಲ್ಲಿದೆ. ಶುಲ್ಕ ನೂರು ಡಾಲರಿನ ಆಸುಪಾಸು. ಖಾಸಗಿ ವಿಶ್ವವಿದ್ಯಾಲಯದಲ್ಲಿ ಅದೇ ಕೋರ್ಸಿಗೆ ಸಾವಿರಗಟ್ಟಲೆ ಡಾಲರ್ ತೆತ್ತವರಿಗೆ ಇದನ್ನು ಕೇಳಿದರೆ ಹೊಟ್ಟೆ ಉರಿಯುವುದು ಸಹಜ.

ಆದರೆ ಈ ಸುದ್ದಿ ಕಿವಿಗೆ ಬಿದ್ದೊಡನೆ ಸಿಕ್ಕ ಪರೀಕ್ಷೆಗೆಲ್ಲ ಕಟ್ಟಿಬಿಡುವ ಕುಟುಂಬಗಳಿವೆ. ಬೇಸಿಗೆ ರಜೆಯಲ್ಲಿ ನಾಲ್ಕು ಪರೀಕ್ಷೆ, ನಾಲ್ಕರಲ್ಲೂ ಪಾಸು. ಸೆಪ್ಟೆಂಬರಿನಲ್ಲಿ ಕಾಲೇಜಿನ ದಾಖಲೆ ತೆರೆದು ನೋಡಿದರೆ 12 ಕ್ರೆಡಿಟ್ ಜಮಾ ಆಗಿದೆ, ಆದರೆ ಡಿಗ್ರಿಗೆ ಓದಬೇಕಾದ ಕೋರ್ಸುಗಳ ಪಟ್ಟಿಯಲ್ಲಿ ಒಂದೂ ಕಡಿಮೆಯಾಗಿಲ್ಲ. ಸಿಟಿ ಬಸ್ಸಿನ ಪಾಸು ಹಿಡಿದು ಕೆಂಪು ಬಸ್ಸು ಹತ್ತಿದ ಹಾಗೆ: ಪಾಸು ಖರೆ, ಈ ಬಸ್ಸಿಗಲ್ಲ. ಕ್ರೆಡಿಟ್ ಸಿಗುವುದು ಒಂದು, ಅದು ನಿಮ್ಮ ಡಿಗ್ರಿಯ ಯಾವುದೋ ಒಂದು ಬೇಡಿಕೆಯನ್ನು ತೀರಿಸುವುದು ಇನ್ನೊಂದು. ಎರಡನೆಯದು ಆಗುತ್ತದೆಯೇ ಇಲ್ಲವೇ ಎಂದು ಪರೀಕ್ಷೆಗೆ ಮೊದಲೇ ಹೇಳಬಲ್ಲವರು ಕಾಲೇಜಿನ ಅಕಾಡೆಮಿಕ್ ಅಡ್ವೈಸರ್.

ಕರ್ನಾಟಕದಲ್ಲಿ ಓದಿದವರಿಗೆ ಈ ಯೋಚನೆ ಪೂರ್ತಿ ಹೊಸದೇನಲ್ಲ. ಕೆಲಸ ಮಾಡುತ್ತಲೇ 'ಎಕ್ಸ್‌ಟರ್ನಲ್' ಆಗಿ ಬಿ.ಎ. ಕಟ್ಟಿ ಪಾಸಾದ ತಲೆಮಾರು ನಮ್ಮ ಮನೆಗಳಲ್ಲೇ ಇದೆ. ಡಿಪ್ಲೊಮಾ ಮುಗಿಸಿದ ಹುಡುಗರು ಡಿಸಿಇಟಿ ಬರೆದು ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರುತ್ತಾರೆ. ಆದರೆ ನಮ್ಮಲ್ಲಿ ನಿಯಮ ಮೇಲಿನಿಂದ ಬರುತ್ತದೆ, ಎಲ್ಲ ಕಾಲೇಜಿಗೂ ಒಂದೇ. ಅಮೆರಿಕದಲ್ಲಿ ಪರೀಕ್ಷೆ ನಡೆಸುವವರು ಬೇರೆ, ಕ್ರೆಡಿಟ್ ಕೊಡುವವರು ಬೇರೆ. ಕೊಡುವುದೋ ಬಿಡುವುದೋ, ಎಷ್ಟು, ಯಾವ ಲೆಕ್ಕಕ್ಕೆ ಎಂಬುದೆಲ್ಲ ಆಯಾ ಕಾಲೇಜಿನ ಕೈಯಲ್ಲಿ. ಪಕ್ಕದ ಮನೆಯ ಹುಡುಗಿಗೆ ನಡೆದದ್ದು ನಿಮ್ಮ ಮಗನಿಗೆ ನಡೆಯುತ್ತದೆಂಬ ಭರವಸೆ ಬೇಡ.

ಯಾವ ಯಾವ ಪರೀಕ್ಷೆ

ನಮ್ಮವರಿಗೆ ಹೆಚ್ಚು ಪರಿಚಯ ಇರುವುದು ಎಪಿ, ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಕಾಲೇಜ್ ಬೋರ್ಡ್ ಸಂಸ್ಥೆ ನಡೆಸುವ ಇದು ಹೈಸ್ಕೂಲಿನಲ್ಲಿ ಓದಿ ಮೇ ತಿಂಗಳಲ್ಲಿ ಬರೆಯುವ ಪರೀಕ್ಷೆ. ಅಂಕ 1ರಿಂದ 5. ಫಲಿತಾಂಶ ಜುಲೈಯಲ್ಲಿ. ಬೆಂಗಳೂರಿನ ಕೆಲವು ಅಂತರರಾಷ್ಟ್ರೀಯ ಶಾಲೆಗಳಲ್ಲೂ ಬರೆಯಬಹುದು, ಆದರೆ ಹೆಸರು ನೋಂದಾಯಿಸುವ ಕೆಲಸ ಹಿಂದಿನ ವರ್ಷದ ನವೆಂಬರಿನೊಳಗೇ ಮುಗಿಯಬೇಕಾಗುತ್ತದೆ. ಪಿಯುಸಿ ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದರೆ ಆ ವರ್ಷ ಕೈತಪ್ಪಿದಂತೆಯೇ. ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಶಾಲೆಯವರಿಗೆ ಅಂಕ 1ರಿಂದ 7, ಮತ್ತು ಹೆಚ್ಚಿನ ಕಾಲೇಜುಗಳು ಹೈಯರ್ ಲೆವೆಲ್ ವಿಷಯಗಳಿಗೆ ಮಾತ್ರ ಕ್ರೆಡಿಟ್ ಕೊಡುತ್ತವೆ.

ಕನ್ನಡಿಗರ ಮನೆಗಳಲ್ಲಿ ಅಷ್ಟಾಗಿ ಚರ್ಚೆಗೆ ಬರದ್ದು 'ಕ್ಲೆಪ್'. ಕಾಲೇಜ್ ಲೆವೆಲ್ ಎಕ್ಸಾಮಿನೇಷನ್ ಪ್ರೋಗ್ರಾಂ ಎಂಬುದರ ಮೊಟಕು ಹೆಸರು. ಇದೂ ಕಾಲೇಜ್ ಬೋರ್ಡಿನದೇ, 1960ರ ದಶಕದಿಂದ ನಡೆದು ಬಂದಿದೆ. ಒಟ್ಟು 34 ಪರೀಕ್ಷೆಗಳಿವೆ: ಕಾಲೇಜ್ ಆಲ್ಜೀಬ್ರಾ, ಕ್ಯಾಲ್ಕುಲಸ್, ಜೀವಶಾಸ್ತ್ರ, ರಸಾಯನಶಾಸ್ತ್ರ, ಮನಃಶಾಸ್ತ್ರ, ಸಮಾಜಶಾಸ್ತ್ರ, ಅಮೆರಿಕದ ಇತಿಹಾಸ ಮತ್ತು ಸರ್ಕಾರ, ಮೈಕ್ರೋ ಮತ್ತು ಮ್ಯಾಕ್ರೋ ಎಕನಾಮಿಕ್ಸ್, ಅಕೌಂಟಿಂಗ್, ಮಾರ್ಕೆಟಿಂಗ್, ಇಂಗ್ಲಿಷ್ ಸಾಹಿತ್ಯ ಹೀಗೆ. ಇದಕ್ಕೆ ಮೇ ತಿಂಗಳ ಕಾಯುವಿಕೆ ಇಲ್ಲ. ಪರೀಕ್ಷಾ ಕೇಂದ್ರದಲ್ಲಿ ಜಾಗ ಇದ್ದ ದಿನ ಬರೆಯಬಹುದು. ಯಾವ ಶಾಲೆಯಲ್ಲೂ ಆ ವಿಷಯ ಓದಿರಬೇಕೆಂಬ ಕಟ್ಟಳೆ ಇಲ್ಲ. ಹದಿನಾರರ ಹುಡುಗಿಯೂ ಬರೆಯಬಹುದು, ನಲವತ್ತರಲ್ಲಿ ಮತ್ತೆ ಕಾಲೇಜಿಗೆ ಹೊರಟ ಗೃಹಿಣಿಯೂ ಬರೆಯಬಹುದು. ಅಂಕ 20ರಿಂದ 80ರ ಅಳತೆಯಲ್ಲಿ ಬರುತ್ತದೆ. 50 ಬಂದರೆ ಕ್ರೆಡಿಟ್ ಕೊಡಿ ಎಂಬುದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್‌ನ ಶಿಫಾರಸು. ಈ 50 ಎಂಬುದು 50 ಪರ್ಸೆಂಟ್ ಅಲ್ಲ, ಅಳತೆಯ ಮೇಲಿನ ಒಂದು ಗುರುತು. ಜೆಇಇ, ನೀಟ್‌ನಲ್ಲಿ ಕಳೆಯುವಂತೆ ಇಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಇವಲ್ಲದೆ ಮೊದಲು ಸೈನಿಕರಿಗೆಂದು ಹುಟ್ಟಿ ಈಗ ಎಲ್ಲರಿಗೂ ತೆರೆದಿರುವ ಡಿಎಸ್‌ಎಸ್‌ಟಿ ಪರೀಕ್ಷೆಗಳಿವೆ. ಕೆಲವು ಕಾಲೇಜುಗಳ ವಿಭಾಗಗಳೇ ನಡೆಸುವ 'ಚಾಲೆಂಜ್ ಎಕ್ಸಾಂ' ಇದೆ. ಈ ಚಾಲೆಂಜ್ ಪರೀಕ್ಷೆಯ ನಿಯಮ ಮಾತ್ರ ಎಚ್ಚರಿಕೆಯಿಂದ ಓದಿ. ಕ್ಲೆಪ್‌ನಲ್ಲಿ ಅಂಕ ಕಡಿಮೆ ಬಂದರೆ ಕಾಲೇಜಿಗೆ ಕಳಿಸದೆ ಸುಮ್ಮನಿರಬಹುದು. ಕಾಲೇಜೇ ನಡೆಸಿದ ಪರೀಕ್ಷೆಯಲ್ಲಿ ಫೇಲಾದರೆ ಅದು ದಾಖಲೆಗೆ ಹೋಗುವುದೋ ಇಲ್ಲವೋ ಎಂಬುದು ಆ ಕಾಲೇಜಿನ ಪದ್ಧತಿ.

ಕಾಲೇಜಿನಿಂದ ಕಾಲೇಜಿಗೆ ವ್ಯತ್ಯಾಸ ಎಷ್ಟಿದೆ ಎನ್ನಲು ಕ್ಯಾಲಿಫೋರ್ನಿಯಾ ಒಂದೇ ಸಾಕು. ಅಲ್ಲಿ ಎರಡು ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಗಳಿವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೆಗೊ ಇರುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕ್ಲೆಪ್‌ಗೆ ಕ್ರೆಡಿಟ್ ಕೊಡುವುದಿಲ್ಲ. ಸ್ಯಾನ್ ಹೋಸೆ ಸ್ಟೇಟ್ ಇರುವ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಕೊಡುತ್ತದೆ. ಒಂದೇ ಊರಿನ ಇಬ್ಬರು ಗೆಳೆಯರಿಗೆ ಒಂದೇ ಪರೀಕ್ಷೆಯಿಂದ ಎರಡು ಫಲ. ಟೆಕ್ಸಾಸಿನಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ಎಪಿಯಲ್ಲಿ 3 ಬಂದರೆ ಸಾಮಾನ್ಯವಾಗಿ ಕ್ರೆಡಿಟ್ ಕೊಡಬೇಕೆಂದು 2015ರಲ್ಲಿ ಕಾನೂನೇ ಆಯಿತು. ಫ್ಲೋರಿಡಾದಲ್ಲಿ ಯಾವ ಪರೀಕ್ಷೆಗೆ ಯಾವ ಕೋರ್ಸ್ ಸಮ ಎಂಬ ಪಟ್ಟಿಯನ್ನು ರಾಜ್ಯವೇ ಮಾಡಿಟ್ಟಿದೆ, ಜೊತೆಗೆ ಇಂಥ ಕ್ರೆಡಿಟ್‌ಗೆ 45ರ ಮಿತಿಯನ್ನೂ ಹಾಕಿದೆ. ಇನ್ನು ಹೆಸರಾಂತ ಖಾಸಗಿ ಸಂಸ್ಥೆಗಳದು ಬಿಗಿ ಕೈ. ಎಂಐಟಿ ಎಪಿಯ 'ಕ್ಯಾಲ್ಕುಲಸ್ ಬಿಸಿ' ಪರೀಕ್ಷೆಯಲ್ಲಿ 5 ಬಂದವರಿಗೆ ಮೊದಲ ಕ್ಯಾಲ್ಕುಲಸ್ ಕೋರ್ಸಿನ ಕ್ರೆಡಿಟ್ ಕೊಡುತ್ತದೆ. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಎಪಿ ಅಂಕಗಳು ಡಿಗ್ರಿಯ ಲೆಕ್ಕಕ್ಕೆ ಸೇರುವುದೇ ಇಲ್ಲ.

ಡಿಗ್ರಿಯೊಳಗಿನ ಮೂರು ಖಾನೆ

ಬ್ಯಾಚುಲರ್ ಡಿಗ್ರಿ ಎಂದರೆ ಸಾಮಾನ್ಯವಾಗಿ 120 ಕ್ರೆಡಿಟ್. ಇದು ಮೂರು ಖಾನೆಗಳಲ್ಲಿ ಹಂಚಿರುತ್ತದೆ. ಎಲ್ಲ ವಿದ್ಯಾರ್ಥಿಗಳೂ ಓದಲೇಬೇಕಾದ ಜನರಲ್ ಎಜುಕೇಷನ್ ಒಂದು: ಬರವಣಿಗೆ, ಗಣಿತ, ವಿಜ್ಞಾನ, ಮಾನವಿಕ, ಸಮಾಜ ವಿಜ್ಞಾನ. ಮೇಜರ್, ಅಂದರೆ ನಿಮ್ಮ ಮುಖ್ಯ ವಿಷಯ ಎರಡನೆಯದು. ಉಳಿದದ್ದು ಇಷ್ಟಬಂದದ್ದು ಓದುವ ಇಲೆಕ್ಟಿವ್. ಪರೀಕ್ಷೆ ಪಾಸಾದಾಗ ಕಾಲೇಜು ಎರಡರಲ್ಲಿ ಒಂದು ಮಾಡುತ್ತದೆ. ಅದನ್ನು ತನ್ನದೇ ಒಂದು ಕೋರ್ಸಿಗೆ ಸಮ ಎಂದು ಒಪ್ಪುತ್ತದೆ, ಇಲ್ಲವೇ ಬರೀ ಇಲೆಕ್ಟಿವ್ ಕ್ರೆಡಿಟ್ ಎಂದು ಬರೆದುಕೊಳ್ಳುತ್ತದೆ. ಎಂಜಿನಿಯರಿಂಗ್, ನರ್ಸಿಂಗ್‌ನಂಥ ಡಿಗ್ರಿಗಳಲ್ಲಿ ಇಲೆಕ್ಟಿವ್ ಖಾನೆ ತುಂಬಾ ಸಣ್ಣದು. ನಮ್ಮ ಮಕ್ಕಳಲ್ಲಿ ಬಹಳ ಮಂದಿ ಹೋಗುವುದು ಅಲ್ಲಿಗೇ. ಹಾಗಾಗಿ ಎರಡನೇ ಬಗೆಯ ಕ್ರೆಡಿಟ್ ಎಷ್ಟು ಬಂದರೂ ಇಡಲು ಜಾಗ ಇರುವುದಿಲ್ಲ.

ಒಂದು ಊಹೆಯ ಲೆಕ್ಕ ನೋಡಿ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಸೇರಿದ ಹುಡುಗಿ. ಎಪಿಯಲ್ಲಿ ಕ್ಯಾಲ್ಕುಲಸ್ ಬಿಸಿಗೆ 5, ಮನಃಶಾಸ್ತ್ರಕ್ಕೆ 4, ಅಮೆರಿಕದ ಇತಿಹಾಸಕ್ಕೆ 3. ಆ ವಿಶ್ವವಿದ್ಯಾಲಯದಲ್ಲಿ ಕ್ಯಾಲ್ಕುಲಸ್ ಎರಡು ಕೋರ್ಸಿಗೆ ಸಮವಾಯಿತು, ಮನಃಶಾಸ್ತ್ರ ಸಮಾಜ ವಿಜ್ಞಾನದ 3 ಕ್ರೆಡಿಟ್ ತೀರಿಸಿತು, ಇತಿಹಾಸ ಇಲೆಕ್ಟಿವ್ ಆಯಿತು. ಸಮಾಜ ವಿಜ್ಞಾನದಲ್ಲಿ ಇನ್ನೂ 3 ಬೇಕು. ಹುಡುಗಿ ಕ್ಲೆಪ್‌ನ ಮನುಷ್ಯ ಬೆಳವಣಿಗೆಯ ಪರೀಕ್ಷೆ ಬರೆಯಲು ಹೊರಟಳು. ಮನಃಶಾಸ್ತ್ರ ಓದಿದವಳಿಗೆ ಅದು ಸುಲಭ. ಅಡ್ವೈಸರ್ ಬೇಡವೆಂದರು. ಏಕೆಂದರೆ ಸಮಾಜ ವಿಜ್ಞಾನದ ಎರಡು ಕೋರ್ಸುಗಳು ಎರಡು ಬೇರೆ ವಿಭಾಗದವಾಗಿರಬೇಕೆಂಬ ನಿಯಮ ಅಲ್ಲಿದೆ, ಮತ್ತು ಇದೂ ಮನಃಶಾಸ್ತ್ರ ವಿಭಾಗಕ್ಕೇ ಸೇರಿದ್ದು. ಮೈಕ್ರೋ ಎಕನಾಮಿಕ್ಸ್ ಬರೆದರೆ ಬಾಕಿ 3 ತೀರುತ್ತದೆ, ಮುಂದೆ ಬಿಸಿನೆಸ್ ಮೈನರ್ ಮಾಡುವ ಮನಸ್ಸಾದರೆ ಅದಕ್ಕೂ ಬರುತ್ತದೆ. ಓದುವ ಶ್ರಮ ಸ್ವಲ್ಪ ಹೆಚ್ಚು, ಫಲ ಎರಡು ಪಟ್ಟು. ಇಂಥ ಒಳನಿಯಮಗಳು ಕ್ಯಾಟಲಾಗಿನ ಯಾವುದೋ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ. ದಿನಾ ಅದನ್ನೇ ನೋಡುವವರಿಗೆ ಕಣ್ಣಿಗೆ ಬೀಳುತ್ತವೆ, ನಮಗಲ್ಲ.

ಭೇಟಿಗೆ ಹೋಗುವುದು ವಿದ್ಯಾರ್ಥಿ

ಇಲ್ಲಿ ತಂದೆ-ತಾಯಿಗೆ ಒಂದು ಮಾತು. ಪ್ರಿನ್ಸಿಪಾಲರ ಕೊಠಡಿಗೆ ನಾವೇ ಹೋಗಿ 'ಸರ್, ನಮ್ಮ ಹುಡುಗನ್ನ ಸ್ವಲ್ಪ ನೋಡಿ' ಎಂದು ಅಭ್ಯಾಸ. ಅಮೆರಿಕದಲ್ಲಿ 1974ರ ಫೆರ್ಪಾ ಕಾನೂನಿನ ಪ್ರಕಾರ ಮಕ್ಕಳು ಕಾಲೇಜಿಗೆ ಸೇರಿದ ಮೇಲೆ ಅವರ ಶೈಕ್ಷಣಿಕ ದಾಖಲೆಯ ಹಕ್ಕು ಅವರದೇ. ಫೀಸು ಕಟ್ಟುವವರು ನೀವೇ ಆದರೂ ವಿದ್ಯಾರ್ಥಿ ಸಹಿ ಮಾಡಿ ಒಪ್ಪಿಗೆ ಕೊಡದೆ ಅಡ್ವೈಸರ್ ನಿಮ್ಮೊಂದಿಗೆ ಅಂಕಗಳ ಮಾತೆತ್ತಲು ಹಿಂಜರಿಯುತ್ತಾರೆ. ಅದನ್ನು ಅವಮಾನ ಎಂದುಕೊಳ್ಳಬೇಡಿ. ಮನೆಯಲ್ಲಿ ಕೂತು ಪ್ರಶ್ನೆಗಳನ್ನು ಬರೆದು ಕೊಡಿ, ಕೇಳುವುದು ಅವರೇ ಕೇಳಲಿ.

ಅಡ್ವೈಸರುಗಳು ತೀರಾ ಗಡಿಬಿಡಿಯಲ್ಲಿರುವುದು ಮುಂದಿನ ಸೆಮಿಸ್ಟರಿನ ಕೋರ್ಸ್ ಆಯ್ಕೆಯ ವಾರಗಳಲ್ಲಿ. ಆಗ ಸಿಗುವ 15 ನಿಮಿಷದಲ್ಲಿ ಈ ವಿಷಯ ಬಗೆಹರಿಯುವುದಿಲ್ಲ. ಸೆಮಿಸ್ಟರ್ ಶುರುವಾಗಿ ಮೂರು-ನಾಲ್ಕು ವಾರ ಕಳೆದ ಮೇಲೆ ಸಮಯ ಕೇಳಿ. ಹೋಗುವಾಗ ಡಿಗ್ರಿ ಆಡಿಟ್ ತೆಗೆದುಕೊಂಡು ಹೋಗಬೇಕು, ಅಂದರೆ ಯಾವ ಬೇಡಿಕೆ ಮುಗಿದಿದೆ, ಯಾವುದು ಬಾಕಿ ಎಂದು ಕಾಲೇಜಿನ ತಂತ್ರಾಂಶ ತೋರಿಸುವ ಪಟ್ಟಿ. ಡಿಗ್ರಿವರ್ಕ್ಸ್ ಎಂಬುದು ಬಹಳ ಕಡೆ ಬಳಕೆಯಲ್ಲಿದೆ. ಅದರಲ್ಲಿ 'ವಾಟ್ ಇಫ್' ಎಂಬ ಸೌಲಭ್ಯವಿದ್ದು, ಮೇಜರ್ ಬದಲಾಯಿಸಿದರೆ ಇದೇ ಕ್ರೆಡಿಟ್‌ಗಳು ಎಲ್ಲಿ ಕೂರುತ್ತವೆ ಎಂದು ನೋಡಬಹುದು. ಮೊದಲ ವರ್ಷದಲ್ಲಿ ಮೇಜರ್ ಬದಲಾಯಿಸುವವರು ಕಡಿಮೆಯೇನಲ್ಲ. ಇದನ್ನು ಅಡ್ವೈಸರ್ ಎದುರಿಗೇ ಒಮ್ಮೆ ಓಡಿಸಿ ನೋಡಿ.

ಕೇಳಬೇಕಾದ ಮೊದಲ ಪ್ರಶ್ನೆ ಇದು: 'ಈ ಪರೀಕ್ಷೆಯಲ್ಲಿ ಇಷ್ಟು ಅಂಕ ಬಂದರೆ ನನ್ನ ಆಡಿಟ್‌ನಲ್ಲಿ ಯಾವ ಸಾಲು ಮುಗಿಯುತ್ತದೆ?' ಉತ್ತರ 'ಕ್ರೆಡಿಟ್ ಸಿಗುತ್ತೆ' ಎಂದಷ್ಟೇ ಬಂದರೆ ಬಿಡದೆ ಮತ್ತೆ ಕೇಳಿ; ಸಾಲು ಬೆರಳಿಟ್ಟು ತೋರಿಸಲಿ. ಆಮೇಲೆ ಮಿತಿಯ ವಿಷಯ. ಪರೀಕ್ಷೆಯಿಂದ ಒಟ್ಟು ಎಷ್ಟು ಕ್ರೆಡಿಟ್ ಒಪ್ಪುತ್ತಾರೆ, ಕಾಲೇಜಿನಲ್ಲೇ ಓದಿ ಗಳಿಸಬೇಕಾದ ಕನಿಷ್ಠ ಕ್ರೆಡಿಟ್ ಎಷ್ಟು. ಹಲವೆಡೆ ಕೊನೆಯ 30 ಕ್ರೆಡಿಟ್ ಅಲ್ಲಿಯೇ ಓದಬೇಕು, ಅಂದರೆ ಪರೀಕ್ಷೆಗಳನ್ನೆಲ್ಲ ಕೊನೆಯ ವರ್ಷಕ್ಕೆ ಮೊದಲೇ ಮುಗಿಸಿಕೊಳ್ಳಬೇಕು. ಇನ್ನೊಂದು ಸಾಮಾನ್ಯ ನಿಯಮಕ್ಕೆ ಬಹಳ ಮಂದಿ ಸಿಕ್ಕಿಬೀಳುತ್ತಾರೆ. ಒಂದು ವಿಷಯದಲ್ಲಿ ಮುಂದಿನ ಹಂತದ ಕೋರ್ಸ್ ಓದಿದ ಮೇಲೆ ಹಿಂದಿನ ಹಂತಕ್ಕೆ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯುವಂತಿಲ್ಲ. ಕ್ಯಾಲ್ಕುಲಸ್ ಓದುತ್ತಾ ಆಲ್ಜೀಬ್ರಾ ಕ್ಲೆಪ್ ಬರೆದರೆ ಶುಲ್ಕ ನಷ್ಟ ಅಷ್ಟೇ. ಒಂದೇ ವಿಷಯಕ್ಕೆ ಎಪಿ, ಕ್ಲೆಪ್ ಎರಡೂ ಇದ್ದರೂ ಲೆಕ್ಕಕ್ಕೆ ಬರುವುದು ಒಂದು ಸಲ.

ಅಡ್ವೈಸರ್ ಸಲಹೆ ಕೊಡುವವರು; ಯಾವ ಪರೀಕ್ಷೆ ಯಾವ ಕೋರ್ಸಿಗೆ ಸಮ ಎಂದು ತೀರ್ಮಾನಿಸುವುದು ವಿಭಾಗ, ದಾಖಲೆಗೆ ಏರಿಸುವುದು ರಿಜಿಸ್ಟ್ರಾರ್ ಕಚೇರಿ. ಮಾತಿನಲ್ಲಿ ಆದದ್ದನ್ನು ಅದೇ ದಿನ ನಾಲ್ಕು ಸಾಲಿನ ಇಮೇಲ್‌ನಲ್ಲಿ ಬರೆದು, 'ನಾನು ಅರ್ಥ ಮಾಡಿಕೊಂಡದ್ದು ಸರಿಯೇ?' ಎಂದು ಕೇಳಿ ಉತ್ತರ ತರಿಸಿಟ್ಟುಕೊಳ್ಳಿ. ಆರು ತಿಂಗಳಲ್ಲಿ ಅಡ್ವೈಸರ್ ಬದಲಾಗಿರಬಹುದು, ಇಮೇಲ್ ಇರುತ್ತದೆ.

ಯಾವುದನ್ನು ಪರೀಕ್ಷೆಗೆ ಬಿಡಬಾರದು

ನನ್ನ ಅಭಿಪ್ರಾಯದಲ್ಲಿ ಪರೀಕ್ಷೆಯ ದಾರಿ ಜನರಲ್ ಎಜುಕೇಷನ್ ಖಾನೆಗೆ ಹೇಳಿ ಮಾಡಿಸಿದ್ದು. ಮೇಜರಿನ ಬುಡಕ್ಕೆ ಅಷ್ಟಲ್ಲ. ಎಂಜಿನಿಯರಿಂಗ್ ಹುಡುಗ ಕ್ಯಾಲ್ಕುಲಸ್ ಎರಡು ಕೋರ್ಸ್ ದಾಟಿಕೊಂಡು ಮೊದಲ ಸೆಮಿಸ್ಟರಿನಲ್ಲೇ ಮೂರನೆಯದಕ್ಕೆ ಕೂತರೆ, ಸುತ್ತಲೂ ಇರುವವರು ಒಂದು ವರ್ಷ ಆ ಕಾಲೇಜಿನ ಗತಿಗೆ ಒಗ್ಗಿದವರು. ಗಟ್ಟಿಯಾಗಿರುವವನು ಏಗುತ್ತಾನೆ. ಎಪಿಯಲ್ಲಿ ಕಷ್ಟಪಟ್ಟು 3 ತಂದವನಿಗೆ ಕಾಲೇಜು ಕ್ರೆಡಿಟ್ ಕೊಟ್ಟರೂ ಅವನು ತೆಗೆದುಕೊಳ್ಳದೆ ತರಗತಿಯಲ್ಲಿ ಕೂರುವುದೇ ಜಾಣತನ. ಬೇಡವೆನ್ನುವ ಅವಕಾಶ ಸಾಮಾನ್ಯವಾಗಿ ಇರುತ್ತದೆ, ಅದನ್ನೂ ಅಡ್ವೈಸರ್ ಹತ್ತಿರ ಕೇಳಿ.

ಡಾಕ್ಟರ್ ಆಗಬೇಕೆಂಬ ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಹಲವು ಮೆಡಿಕಲ್ ಕಾಲೇಜುಗಳು ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರವನ್ನು ಲ್ಯಾಬ್ ಸಮೇತ ಕಾಲೇಜಿನಲ್ಲಿ ಓದಿರಬೇಕೆನ್ನುತ್ತವೆ, ಇಲ್ಲವೇ ಪರೀಕ್ಷೆಯ ಕ್ರೆಡಿಟ್ ಮೇಲೆ ಅದೇ ವಿಷಯದ ಹೆಚ್ಚಿನ ಹಂತದ ಕೋರ್ಸ್ ಕೇಳುತ್ತವೆ. ಕ್ಲೆಪ್ ಪರೀಕ್ಷೆಯಲ್ಲಿ ಲ್ಯಾಬ್ ಎಂಬುದೇ ಇಲ್ಲ. ಜೊತೆಗೆ ಪರೀಕ್ಷೆಯ ಕ್ರೆಡಿಟ್‌ಗೆ ಗ್ರೇಡ್ ಇರುವುದಿಲ್ಲ, ಜಿಪಿಎಗೆ ಸೇರುವುದಿಲ್ಲ. ವಿಜ್ಞಾನದಲ್ಲಿ ಎ ಗ್ರೇಡ್‌ಗಳನ್ನು ಕೂಡಿಹಾಕಬೇಕಾದವರಿಗೆ ಇದು ನಷ್ಟ. ಇತಿಹಾಸ ಎಂದರೆ ಮೈ ಪರಚಿಕೊಳ್ಳುವವರಿಗೆ ಲಾಭ. ಪ್ರೀ-ಮೆಡ್ ಅಡ್ವೈಸರ್ ಎಂದು ಬೇರೆಯೇ ಒಬ್ಬರಿರುತ್ತಾರೆ, ಅವರ ಬಳಿಯೂ ಹೋಗಿ.

ಮೂರೇ ವರ್ಷದಲ್ಲಿ ಡಿಗ್ರಿ ಮುಗಿಸುವ ಆಸೆಯ ಬಗ್ಗೆಯೂ ಎರಡು ಸಲ ಯೋಚಿಸಿ. ಫೀಸು ಉಳಿಯುವುದು ನಿಜ. ಆದರೆ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಕೆಲಸಕ್ಕೆ ಬಾಗಿಲು ತೆರೆಯುವುದು ಬೇಸಿಗೆಯ ಇಂಟರ್ನ್‌ಶಿಪ್. ಒಂದು ವರ್ಷ ಬೇಗ ಮುಗಿಸಿದವರಿಗೆ ಒಂದು ಬೇಸಿಗೆ ಕಡಿಮೆ. ಉಳಿದ ಜಾಗದಲ್ಲಿ ಎರಡನೇ ಮೇಜರ್, ಸಂಶೋಧನೆ, ಒಂದು ಹಗುರ ಸೆಮಿಸ್ಟರ್ ಮಾಡಿಕೊಳ್ಳುವವರೇ ನನ್ನ ಕಣ್ಣಿಗೆ ಹೆಚ್ಚು ಲೆಕ್ಕ ಬಲ್ಲವರು.

ವೀಸಾ ಇದ್ದವರು

ಎಫ್-1 ವೀಸಾದಲ್ಲಿ ಕರ್ನಾಟಕದಿಂದ ಹೋದ ಪದವಿ ವಿದ್ಯಾರ್ಥಿ ಪ್ರತಿ ಸೆಮಿಸ್ಟರಿನಲ್ಲಿ ಸಾಮಾನ್ಯವಾಗಿ 12 ಕ್ರೆಡಿಟ್ ಓದುತ್ತಿರಬೇಕು. ಪರೀಕ್ಷೆ ಬರೆದು ಗಳಿಸಿದ ಕ್ರೆಡಿಟ್ ಈ 12ರ ಲೆಕ್ಕಕ್ಕೆ ಬರುವುದಿಲ್ಲ. 'ಕ್ಲೆಪ್‌ನಲ್ಲಿ 3 ಬಂತಲ್ಲ, 9 ತೆಗೆದುಕೊಂಡರೆ ಸಾಕು' ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ವೀಸಾಕ್ಕೇ ಕುತ್ತು. ಡಿಗ್ರಿ ಬೇಗ ಮುಗಿಯುವುದಾದರೆ ಐ-20 ಪತ್ರದ ಕೊನೆಯ ದಿನಾಂಕ, ಓದು ಮುಗಿದ ಮೇಲೆ ಕೆಲಸ ಮಾಡಲು ಬೇಕಾದ ಓಪಿಟಿ ಅನುಮತಿಯ ಅರ್ಜಿಯ ದಿನಾಂಕ ಎಲ್ಲವೂ ಹಿಂದಕ್ಕೆ ಸರಿಯುತ್ತವೆ. ಅಕಾಡೆಮಿಕ್ ಅಡ್ವೈಸರಿಗೆ ವಲಸೆ ನಿಯಮ ಗೊತ್ತಿರಬೇಕೆಂದೇನಿಲ್ಲ. ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಡಿಎಸ್‌ಒ ಅವರಿಗೆ ಯೋಜನೆ ತೋರಿಸಿಯೇ ಮುಂದುವರಿಯಿರಿ.

ಎಚ್-4ರಲ್ಲಿ, ಅಂದರೆ ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ, ಬೆಳೆದ ಮಕ್ಕಳ ಪಾಡು ಬೇರೆ. ಅವರಿಗೆ ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ, 21 ತುಂಬಿದರೆ ಬೇರೆ ವೀಸಾಕ್ಕೆ ಬದಲಾಗಬೇಕು. ಪ್ರತಿ ಕ್ರೆಡಿಟ್ಟೂ ಕೈಯಿಂದಲೇ ಕಟ್ಟುವ ಇಂಥ ಕುಟುಂಬಗಳಿಗೆ ಪರೀಕ್ಷೆಯ ದಾರಿ ನಿಜಕ್ಕೂ ಆಸರೆ. ಎಚ್-4ರಲ್ಲಿರುವ ತಾಯಂದಿರೂ ಕಾಲೇಜಿಗೆ ಸೇರಿ ಓದಬಹುದು. ಊರಿನಲ್ಲಿ ಬಿ.ಕಾಂ. ಮಾಡಿ ಬಂದವರು ಕಮ್ಯುನಿಟಿ ಕಾಲೇಜಿನಲ್ಲಿ ಅಕೌಂಟಿಂಗ್ ಹಿಡಿಯುವ ಮೊದಲು, ಕ್ಲೆಪ್‌ನ ಫೈನಾನ್ಷಿಯಲ್ ಅಕೌಂಟಿಂಗ್ ಅಲ್ಲಿ ನಡೆಯುತ್ತದೆಯೇ ಎಂದು ಕೇಳುವುದು ಒಳ್ಳೆಯದು. ಡೆಬಿಟ್-ಕ್ರೆಡಿಟ್ ಎಲ್ಲಿದ್ದರೂ ಒಂದೇ.

ಕನ್ನಡದ ಬಗ್ಗೆ ಕೇಳುವವರಿದ್ದಾರೆ. ಕ್ಲೆಪ್‌ನಲ್ಲಿ ಭಾಷೆಗಳೆಂದರೆ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮಾತ್ರ. ಆದರೆ ವಿದೇಶಿ ಭಾಷೆ ಓದಲೇಬೇಕೆಂಬ ನಿಯಮ ಇರುವ ವಿಶ್ವವಿದ್ಯಾಲಯಗಳಲ್ಲಿ ಹಲವು ಬೇರೆ ಭಾಷೆ ಬಲ್ಲವರಿಗೆ ಪ್ರಾವೀಣ್ಯ ಪರೀಕ್ಷೆಯಿಂದ ವಿನಾಯಿತಿ ಕೊಡುತ್ತವೆ. ವಿನಾಯಿತಿ ಎಂದರೆ ಕೋರ್ಸ್ ಓದುವುದು ತಪ್ಪುತ್ತದೆ, ಕ್ರೆಡಿಟ್ ಸಿಗಲೇಬೇಕೆಂದಿಲ್ಲ. ಮನೆಯಲ್ಲಿ ಅಜ್ಜಿ ಜೊತೆ ಕನ್ನಡ ಮಾತಾಡಿ, ಭಾನುವಾರದ ಕನ್ನಡ ಶಾಲೆಯಲ್ಲಿ ಒತ್ತಕ್ಷರ ತಿದ್ದಿದ ಮಕ್ಕಳು ಇದನ್ನು ಕೇಳದೆ ಬಿಡಬಾರದು.

ತಯಾರಿ, ಆಮೇಲಿನ ಕೆಲಸ

ತಯಾರಿಗೆ ಕೋಚಿಂಗ್ ಬೇಕಿಲ್ಲ. ಮಾಡರ್ನ್ ಸ್ಟೇಟ್ಸ್ ಎಂಬ ಲಾಭರಹಿತ ಸಂಸ್ಥೆ ಕ್ಲೆಪ್ ವಿಷಯಗಳಿಗೆ ಆನ್‌ಲೈನ್ ಪಾಠ ಉಚಿತವಾಗಿ ಕೊಡುತ್ತದೆ, ಪಾಠ ಮುಗಿಸಿದವರಿಗೆ ಪರೀಕ್ಷಾ ಶುಲ್ಕದ ವೋಚರನ್ನೂ ಕೊಡುತ್ತಾ ಬಂದಿದೆ. ಪರೀಕ್ಷಾ ಕೇಂದ್ರದವರು ತಮ್ಮ ಶುಲ್ಕ ಬೇರೆ ಕೇಳುವುದುಂಟು. ಕ್ಲೆಪ್‌ನ ಅಂಕ, ಪ್ರಬಂಧ ಬರೆಯುವ ಕಾಲೇಜ್ ಕಾಂಪೊಸಿಷನ್‌ನಂಥದ್ದನ್ನು ಬಿಟ್ಟರೆ, ಪರೀಕ್ಷೆ ಮುಗಿದ ಕೂಡಲೇ ತೆರೆಯ ಮೇಲೆ ಬರುತ್ತದೆ. ಪಾಸಾಗದಿದ್ದರೆ ಅದೇ ಪರೀಕ್ಷೆಗೆ ಮತ್ತೆ ಕೂರಲು 3 ತಿಂಗಳು ಕಾಯಬೇಕು. ಆ ಕೋರ್ಸ್ ಮುಂದಿನ ಸೆಮಿಸ್ಟರಿಗೆ ಅಡಿಪಾಯವಾಗಿದ್ದರೆ ಈ 3 ತಿಂಗಳು ಕಾಲು ಕಟ್ಟುತ್ತದೆ, ಅದಕ್ಕೇ ರಜೆಯ ಕೊನೆಯ ವಾರಕ್ಕೆ ಪರೀಕ್ಷೆ ಇಟ್ಟುಕೊಳ್ಳಬಾರದು.

ಒಂದು ಕಾಲೇಜಿಗೆ ಅಂಕ ಕಳಿಸುವುದು ಉಚಿತ, ಹೆಸರನ್ನು ಮೊದಲೇ ಸೂಚಿಸಿದ್ದರೆ. ಯಾವ ಕಾಲೇಜೆಂದು ಇನ್ನೂ ಗೊತ್ತಿಲ್ಲದ ಹೈಸ್ಕೂಲ್ ಮಕ್ಕಳು ಗಾಬರಿಯಾಗಬೇಕಿಲ್ಲ. ಕ್ಲೆಪ್ ಅಂಕ 20 ವರ್ಷ ಕಾಲೇಜ್ ಬೋರ್ಡಿನಲ್ಲಿ ಇರುತ್ತದೆ, ಆಮೇಲೆ ಶುಲ್ಕ ಕಟ್ಟಿ ತರಿಸಬಹುದು. ಕಮ್ಯುನಿಟಿ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ವರ್ಗವಾಗುವವರು ಹಳೆಯ ಕಾಲೇಜಿನ ಅಂಕಪಟ್ಟಿಯಲ್ಲಿ ಕ್ರೆಡಿಟ್ ಬಂದಿದೆಯೆಂದು ನೆಚ್ಚಿ ಕೂರಬಾರದು. ಹೊಸ ಕಾಲೇಜು ಮೂಲ ಅಂಕವನ್ನೇ ಕೇಳಿ ತನ್ನ ನಿಯಮದಂತೆ ಮತ್ತೆ ಅಳೆಯಬಹುದು. ಅಂಕ ತಲುಪಿದ ಎರಡು-ಮೂರು ವಾರಕ್ಕೆ ಡಿಗ್ರಿ ಆಡಿಟ್ ತೆರೆದು ನೋಡಿ. ಅಡ್ವೈಸರ್ ಹೇಳಿದ ಸಾಲಿನಲ್ಲಿ ಕ್ರೆಡಿಟ್ ಕೂತಿಲ್ಲದಿದ್ದರೆ ಅವರ ಇಮೇಲನ್ನು ಲಗತ್ತಿಸಿ ರಿಜಿಸ್ಟ್ರಾರ್ ಕಚೇರಿಗೆ ಬರೆಯಿರಿ. ಮುಂದಿನ ಸೆಮಿಸ್ಟರಿನ ಕೋರ್ಸ್ ಆಯ್ಕೆ ತೆರೆಯುವ ಮುಂಚೆಯೇ ಬರೆದರೆ, ಓದಬೇಕಿಲ್ಲದ ಕೋರ್ಸಿಗೆ ಹೆಸರು ಕೊಟ್ಟು ಫೀಸು ಕಟ್ಟುವುದು ತಪ್ಪುತ್ತದೆ.